ಮೊಸಳೆಮರಿಯ ನೆತ್ತಿ

ಜೂನ್ 3, ಸೋಮವಾರ

ಇವತ್ತು ನನ್ನ ರಕ್ತ ಕುದಿದಷ್ಟು ನಮ್ಮ ವರ್ಕ್‌ಶಾಪಿನಲ್ಲಿ ಮರ ಅಂಟಿಸುವ ಸರೇಸಿನ ಡಬ್ಬಿಯೂ ಯಾವತ್ತೂ ಕುದಿದಿಲ್ಲ.

ಸಂಜೆ ಕೆಲಸ ಮುಗಿಸಿ ಬಂದರೆ ಅಕ್ಕನ ಮಗಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಳೆ. ಚಪ್ಪಲಿ ಕೂಡ ಬಿಚ್ಚಿಲ್ಲ. ಏನಾಯಿತು ಎಂದೆ. ಒಳಗಿನಿಂದ ಅಕ್ಕ ಹೇಳಿದಳು: "ಬೇಬಿ ಸಿಟ್ಟಿಂಗ್‌ನವರು ಮಗೂನ ಸೇರಿಸ್ಕೊಳ್ಳಲ್ಲ ಅಂದ್ರಂತೆ ಕಣೋ."

ಆ ಬೇಬಿ ಸಿಟ್ಟಿಂಗ್ ನಡೆಸುವ ಹೆಂಗಸನ್ನು ನಾನು ಬಲ್ಲೆ. ಬೀದಿಯ ತುದಿಯಲ್ಲಿ ನಿಂತರೂ ಅವಳ ಮನೆಯ ಫಿನಾಯಿಲ್ ಮೂಗಿಗೆ ಹೊಡೆಯುತ್ತದೆ. ಫಿನಾಯಿಲ್ ಮೇಡಂ ಎಂದು ಹೆಸರಿಟ್ಟವನು ನಾನೇ. ಆಕೆ ಮಗುವಿನ ಟೋಪಿ ತೆಗೆಸಿ, ನೆತ್ತಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳಂತೆ. "ಇದು ಅಂಟೋ ಕಾಯಿಲೆ ಥರ ಇದೆಯಮ್ಮ. ನಮ್ಮಲ್ಲಿ ಹನ್ನೊಂದು ಮಕ್ಕಳಿದಾವೆ. ತಲೆ ಚೊಕ್ಕಟ ಆದ್ಮೇಲೆ ಕರ್ಕೊಂಡ್ ಬನ್ನಿ" ಎಂದಳಂತೆ. ಸಾಲದು ಎಂದು ಇನ್ನೊಂದು ಮಾತು: "ದಿನಾ ಸ್ನಾನ ಮಾಡಿಸ್ತೀರಿ ತಾನೆ?"

ದಿನಾ ಸ್ನಾನ ಮಾಡಿಸುತ್ತೀರಾ! ನಮ್ಮ ಹುಡುಗಿಗೆ ಕೇಳುವ ಪ್ರಶ್ನೆಯೇ ಇದು? ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ಅವಳು. ಕೂದಲೆಳೆಯಷ್ಟು ಗೀರು ಬಿದ್ದರೂ ಆ ಗಾಜನ್ನು ಬದಿಗಿಟ್ಟು ಇನ್ನೊಂದು ತೆಗೆದುಕೊಳ್ಳುವವಳು. ಹೆರಿಗೆ ರಜೆ ತಿಂಗಳ ಕೊನೆಗೆ ಮುಗಿಯುತ್ತದೆ. ಜುಲೈ ಒಂದಕ್ಕೆ ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂರದಿದ್ದರೆ ಇನ್ನೊಬ್ಬಳನ್ನು ಕೂರಿಸುತ್ತೇನೆ ಎಂದು ಅಂಗಡಿಯ ಯಜಮಾನರು ಮೊದಲೇ ಹೇಳಿದ್ದಾರೆ. ಅಕ್ಕನ ಮಂಡಿ ಅಕ್ಕನನ್ನೇ ಎತ್ತುವುದಿಲ್ಲ, ಇನ್ನು ಇಡೀ ದಿನ ಮಗುವನ್ನು ಎತ್ತೀತೇ? ಹುಡುಗಿಯ ಗಂಡ ಲಾರಿ ಓಡಿಸುತ್ತಾನೆ. ಅವನ ಮುಖ ನಮಗೆ ಕಾಣುವುದೇ ಹದಿನೈದು ದಿನಕ್ಕೊಮ್ಮೆ. ಅಂದಮೇಲೆ ಬೇಬಿ ಸಿಟ್ಟಿಂಗ್ ಇಲ್ಲದೆ ದಾರಿಯಿಲ್ಲ.

ಮಗುವಿಗೆ ನಾಲ್ಕು ತಿಂಗಳು. ನೆತ್ತಿಯ ಮೇಲೆ ಅಂಗೈ ಅಗಲಕ್ಕೆ ಹಳದಿ ಹಕ್ಕಳೆ ಕಟ್ಟಿದೆ. ಜಿಡ್ಡು ಜಿಡ್ಡಾಗಿ, ಮೀನಿನ ಮೈಯ ಹಾಗೆ ಒಂದರ ಮೇಲೊಂದು. ನೋವೂ ಇಲ್ಲ, ತುರಿಕೆಯೂ ಇಲ್ಲ. ಮಗು ತನ್ನ ಪಾಡಿಗೆ ತಾನು ಕಾಲು ಬಾಯಿಗೆ ಹಾಕಿಕೊಂಡು ನಗುತ್ತಿರುತ್ತದೆ. ಮೊಸಳೆಮರಿ ಎಂದು ನಾನು ಕರೆಯುತ್ತೇನೆ.

ಹುಡುಗಿಗೆ ಹೇಳಿದೆ: "ಏಳು, ಒಳಗೆ ನಡಿ. ಮೂವತ್ತೊಂದು ವರ್ಷ ಮರಕ್ಕೆ ಪಾಲಿಶ್ ಹೊಡೆದಿದೀನಿ. ನೂರು ವರ್ಷದ ವಾರ್ನಿಶ್ ಹಿಡಿದ ಬಾಗಿಲನ್ನೇ ಹುಟ್ಟಿದ ಮೈಗೆ ತಂದಿದೀನಿ. ಅಂಗೈ ಅಗಲದ ನೆತ್ತಿ ಯಾವ ಲೆಕ್ಕ?"

ಅವಳು ನಕ್ಕಳು ಎಂದುಕೊಂಡೆ. ಮೂಗು ಒರೆಸಿಕೊಂಡದ್ದು.

ಜೂನ್ 4, ಮಂಗಳವಾರ

ರಜೆಯಿದ್ದರೂ ವರ್ಕ್‌ಶಾಪಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಹೇಳಿದ್ದೇ ತಪ್ಪಾಯಿತು. ಎಲ್ಲರೂ ಡಾಕ್ಟರುಗಳಾಗಿಬಿಟ್ಟರು. ಬಡಗಿ ಉಳಿರಾಯ (ಯಾವಾಗಲೂ ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಉಳಿ, ಬಾಯಲ್ಲಿ ಬುದ್ಧಿವಾದ) ಹೇಳಿದ: "ನಿಂಬೆಹಣ್ಣು ಉಜ್ಜು ಗುರುವೇ, ಎರಡೇ ದಿನ." ಗರಗಸದವನು ಅಡುಗೆ ಸೋಡಾ ಎಂದ. ಮಾಲೀಕರು ಟೀ ಲೋಟ ಕೆಳಗಿಟ್ಟು, ತಲೆ ಬೋಳಿಸಿಬಿಟ್ಟರೆ ಹಕ್ಕಳೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಎಂದರು. ತಮ್ಮ ತಲೆಯಲ್ಲೇ ಏನೂ ಇಲ್ಲ ಎಂಬುದು ಅವರಿಗೆ ನೆನಪಿರಲಿಲ್ಲ.

ಇಷ್ಟು ಅಜ್ಞಾನವನ್ನು ಒಂದೇ ಸೂರಿನ ಕೆಳಗೆ ನಾನು ಕಂಡಿಲ್ಲ. ಆದರೂ ಬರುವಾಗ ಎರಡು ನಿಂಬೆಹಣ್ಣು ತಂದೆ. ಇರಲಿ ಎಂದು.

ಹುಡುಗಿ ನೋಡಿದಳು. "ಮಾವ, ಅದನ್ನ ನೀವು ಮುಖ ಹೆರ್ಕೊಂಡ ಮೇಲೆ ಕೆನ್ನೆಗೆ ಹಿಂಡ್ಕೊಳ್ಳಿ. ಉರಿ ಹೇಗಿತ್ತು ಅಂತ ನನಗೆ ಹೇಳಿ. ಆಮೇಲೆ ಮಗೂಗೆ ಹಚ್ಚೋ ಯೋಚನೆ ಮಾಡೋಣ."

ಅಕ್ಕ ಬಿದ್ದು ಬಿದ್ದು ನಕ್ಕಳು. ನಿಂಬೆಹಣ್ಣು ಪಾನಕವಾಯಿತು.

ಜೂನ್ 7, ಶುಕ್ರವಾರ

ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಡಾಕ್ಟರು ಎರಡು ವಾರಕ್ಕೊಂದು ಶುಕ್ರವಾರ ಬರುವವರು. ಇವತ್ತು ಬರಬೇಕಿತ್ತು, ಬರಲಿಲ್ಲ, ಇನ್ನು ಇಪ್ಪತ್ತೊಂದಕ್ಕೆ. ನರ್ಸಮ್ಮ ನೋಡಿದಳು. ನೋಡಿದಳು ಎನ್ನುವುದಕ್ಕಿಂತ ಕಣ್ಣು ಹಾಯಿಸಿದಳು. ಪಾಲಿಶ್ ಮಾಡಲು ಬಂದ ಕುರ್ಚಿಯನ್ನು ನಾನು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತೇನೆ.

"ಇದು ಎಷ್ಟೋ ಮಕ್ಕಳಿಗೆ ಬರುತ್ತೆ. ಕೊಳೆ ಅಲ್ಲ, ಅಂಟೋದೂ ಇಲ್ಲ. ಕೆಲವು ವಾರ, ಇಲ್ಲಾ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತೆ. ಬೇಕಿದ್ರೆ ಸ್ವಲ್ಪ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೆನೀಲಿ. ಮೆತ್ತನೆ ಬ್ರಷ್ಷಲ್ಲಿ ಹಗುರಕ್ಕೆ ಆಡಿಸಿ, ಮಕ್ಕಳ ಶಾಂಪೂ ಹಾಕಿ ಎಣ್ಣೆ ಪೂರ್ತಿ ತೊಳೀರಿ. ತಾನಾಗಿ ಎದ್ದು ಬಂದಷ್ಟು ಬರಲಿ. ಕೆರೀಬೇಡಿ, ಕೀಳಬೇಡಿ."

ಅಷ್ಟೇ. ಏನೂ ಮಾಡಬೇಡಿ ಎಂದು ಹೇಳುವುದಕ್ಕೆ ಬಿಳಿ ಕೋಟು ಬೇಕೇ? ಗೋಡೆಯ ತುಂಬ ಪಟ ಬೇಕೇ? ನಾನು ಕೇಳಿದೆ: "ಒಂದೇ ಸಲಕ್ಕೆ ತೆಗೆಯೋ ಔಷಧಿ ಏನೂ ಇಲ್ವೇನಮ್ಮ?"

ಅವಳು ನನ್ನ ಕೈ ನೋಡಿದಳು. ಉಗುರು ಸಂದಿಯಲ್ಲಿ ಪಾಲಿಶ್ ಬಣ್ಣ ಇರುತ್ತದೆ, ಅದೇನು ಮುಚ್ಚಿಟ್ಟುಕೊಳ್ಳುವ ವಿಷಯವಲ್ಲ. "ಯಜಮಾನ್ರು ಮಗು ಎತ್ಕೊಳ್ಳಲಿ, ಆಡಿಸ್ಲಿ. ತಲೆ ತಂಟೆಗೆ ಬರೋದು ಬೇಡ" ಎಂದಳು. ನನಗಲ್ಲ, ಹುಡುಗಿಗೆ! ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ!

ಬೇಬಿ ಸಿಟ್ಟಿಂಗಿಗೆ ಒಂದು ಚೀಟಿ ಬರೆದುಕೊಡಿ ಎಂದು ಹುಡುಗಿ ಕೇಳಿದಳು. ಅದನ್ನು ಡಾಕ್ಟರೇ ಬರೆಯಬೇಕಂತೆ.

ಜೂನ್ 9, ಭಾನುವಾರ

ಎಣ್ಣೆ, ಬ್ರಷ್ಷು, ಶಾಂಪೂ. ಏನೂ ಆಗಿಲ್ಲ.

ಜೂನ್ 10, ಸೋಮವಾರ

ಎಣ್ಣೆ, ಬ್ರಷ್ಷು, ಶಾಂಪೂ. ಅವಲಕ್ಕಿಯಷ್ಟು ಒಂದು ಚೂರು ಬಂತು. ತಾಯಿ ಮಗಳು ಸೇರಿ ಬ್ರಷ್ಷಿನ ಮೇಲಿನ ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಈ ವೇಗದಲ್ಲಿ ಮಗು ಶಾಲೆಗೆ ಸೇರುವ ಹೊತ್ತಿಗೆ ನೆತ್ತಿ ಕಂಡೀತು. ನಾನೊಂದು ಕೈ ಹಾಕಲೇ ಎಂದರೆ, "ಬೇಡ ಮಾವ" ಎಂದಳು ಹುಡುಗಿ.

ಜೂನ್ 13, ಗುರುವಾರ

ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಹುಡುಗಿಯನ್ನು ನಿಲ್ಲಿಸಿ, "ನಿಮ್ಮನೆ ಮೊಸಳೆಮರಿ ಹೇಗಿದೆ? ತೋರಿಸಿ, ನಮ್ಮ ಮಕ್ಕಳು ನೋಡ್ಬೇಕಂತೆ" ಎಂದಳಂತೆ. ಮಕ್ಕಳು ಮೂರು ಜನ ಸಾಲಾಗಿ ನಿಂತಿದ್ದವಂತೆ, ಮೃಗಾಲಯಕ್ಕೆ ಬಂದವರ ಹಾಗೆ. ಹುಡುಗಿ ಈಗ ಮಗುವಿಗೆ ಸದಾ ಉಣ್ಣೆ ಟೋಪಿ ಹಾಕುತ್ತಾಳೆ. ಸೆಕೆಗೆ ಅದರ ತಲೆ ಬೆವರುತ್ತದೆ. ಸಂಜೆಯ ತಿರುಗಾಟವೂ ನಿಂತಿದೆ.

ಮನೆಯ ಮಾತನ್ನು ಬೀದಿಗೆ ಹಾಕುವ ಈ ಬಾಯಿಬಡುಕರು ಯಾರು? ಮೇಲಿನ ಮನೆಗೆ ಆ ಹೆಸರು ಹೇಗೆ ಹೋಯಿತು? ನಾನು ಹೇಳಿದ್ದು ವರ್ಕ್‌ಶಾಪಿನಲ್ಲಿ ಮಾತ್ರ, ಆಮೇಲೆ ಟೀ ಅಂಗಡಿಯಲ್ಲಿ, ಅದೂ ನಾಲ್ಕೈದು ಜನರಿಗೆ. ಒಂದು ಹಾಸ್ಯವನ್ನು ಹಾಸ್ಯವಾಗಿ ತೆಗೆದುಕೊಳ್ಳುವ ಯೋಗ್ಯತೆ ಜನಕ್ಕಿಲ್ಲ.

"ಮಾವ, ಇನ್ಮೇಲೆ ಆ ಹೆಸರು ಬೇಡ" ಎಂದಳು ಹುಡುಗಿ.

ಆಯಿತು ಎಂದೆ. ಏನು ಕರೆಯುವುದೋ ಗೊತ್ತಾಗದೆ ಸಂಜೆಯೆಲ್ಲ ಮಗುವನ್ನು "ಏಯ್" ಎಂದೆ.

ಜೂನ್ 18, ಮಂಗಳವಾರ

ಮುಗಿಸಿದೆ! ಒಂದೇ ಪಟ್ಟಿಗೆ ಕೂತು!

ಹುಡುಗಿ ಕೈ ಜಡ್ಡುಗಟ್ಟಬಾರದು ಎಂದು ಬೆಳಿಗ್ಗೆ ಅಂಗಡಿಗೆ ಹೋಗಿದ್ದಳು, ಅರ್ಧ ದಿನಕ್ಕೆ. ಅಕ್ಕ ಹಲ್ಲುನೋವಿಗೆ ಡಾಕ್ಟರಿಗೆ ತೋರಿಸಲು ಹೋದಳು. ನನಗೆ ವಾರದ ರಜೆ. ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು, ಟೋಪಿ ಜಾರಿತ್ತು. ನೋಡಿದೆ. ಹತ್ತು ದಿನದಿಂದ ಇವರು ದಿನಕ್ಕೊಂದು ಚೂರು ಎಬ್ಬಿಸುತ್ತಾ ನೆತ್ತಿಯನ್ನು ತೇಪೆ ಹಾಕಿದ ಹಾಗೆ ಮಾಡಿಟ್ಟಿದ್ದಾರೆ. ಅಲ್ಲೊಂದು ದ್ವೀಪ, ಇಲ್ಲೊಂದು ದ್ವೀಪ. ನನ್ನ ಕಣ್ಣಿಗೆ ಅದನ್ನು ಸಹಿಸಲು ಆಗಲಿಲ್ಲ.

ನಮ್ಮ ಕೆಲಸದಲ್ಲಿ ಮೊದಲನೇ ಪಾಠ ಇದು: ಹಳೇ ವಾರ್ನಿಶ್ ಎಬ್ಬಿಸಲು ಕೂತವನು ಹಲಗೆ ಮುಗಿಯುವ ತನಕ ಏಳಬಾರದು. ಅರ್ಧಕ್ಕೆ ಎದ್ದರೆ ಎದ್ದ ಜಾಗದಲ್ಲಿ ಗೆರೆ ನಿಲ್ಲುತ್ತದೆ. ಆಮೇಲೆ ಅದರ ಮೇಲೆ ಏನು ಹೊಡೆದರೂ ಆ ಗೆರೆ ಸಾಯುವುದಿಲ್ಲ. ಈ ಮಾತು ನರ್ಸಮ್ಮನಿಗೆ ಯಾರು ಹೇಳಬೇಕು?

ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹಾಸಿದೆ. ಹೇನು ತೆಗೆಯುವ ಬಾಚಣಿಗೆ ತೆಗೆದುಕೊಂಡು ಅಂಚಿನಿಂದ ಶುರು ಮಾಡಿದೆ, ಬಾಚಣಿಗೆಗೆ ಸಿಗದ ಕಡೆ ಹೆಬ್ಬೆರಳಿನ ಉಗುರು. ಏನು ಹೇಳಲಿ, ಪದರ ಪದರವಾಗಿ ಎದ್ದು ಬಂತು! ಮಗು ಎಚ್ಚರವಾಯಿತು. ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ನಿಲ್ಲಿಸಬಹುದಿತ್ತು. ಆದರೆ ಇನ್ನು ಎರಡು ಬೆರಳಿನಗಲ ಮಾತ್ರ ಉಳಿದಿತ್ತು. ಅಲ್ಲಿ ಎದ್ದರೆ ಗೆರೆ. ಮುಗಿಸಿಯೇ ಎದ್ದೆ.

ನೆತ್ತಿ ಈಗ ಪೂರ್ತಿ ಕೆಂಪು. ಹೊಸದಾಗಿ ಕೆರೆದ ಮರವೂ ಮೊದಲು ಕೆಂಪಗೇ ಇರುತ್ತದೆ. ಹಕ್ಕಳೆಯ ಜೊತೆ ಸ್ವಲ್ಪ ಕೂದಲು ಬಂತು, ಬೆಳೆಯುತ್ತದೆ. ಎರಡು ಕಡೆ ಸೂಜಿ ಮೊನೆಯಷ್ಟು ರಕ್ತ, ಅದು ಯಾವ ಕೆಲಸದಲ್ಲಿ ಇಲ್ಲ.

ಹುಡುಗಿ ಬಂದಳು. ಟೋಪಿ ತೆಗೆದು ತೋರಿಸಿದೆ. ಭೇಷ್ ಎನ್ನಲಿ ಎಂದು ಕಾಯುತ್ತಾ ನಿಂತೆ. ಅವಳು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಬಂದವಳು ನೆತ್ತಿ ನೋಡಿ, "ಏನ್ ಮಾಡ್ದೆ ಕಣೋ ಪಾಪಿ" ಎಂದಳು, ಆ ಊದಿದ ಕೆನ್ನೆಯಲ್ಲೇ.

ಈ ಮನೆಯಲ್ಲಿ ಕೆಲಸ ಮಾಡಿದವನಿಗೆ ಸಿಗುವ ಬಹುಮಾನ ಇದು.

ಜೂನ್ 19, ಬುಧವಾರ

ನೆತ್ತಿಯಲ್ಲಿ ನೀರಾಡುತ್ತಿದೆ. ಆರುತ್ತದೆ.

ಜೂನ್ 20, ಗುರುವಾರ

ಆರಿಲ್ಲ. ಹಳದಿ ಕೀವು. ಮಗು ಹಾಲು ಕುಡಿಯುತ್ತಿಲ್ಲ. ಎತ್ತಿಕೊಳ್ಳಲು ಹೋದೆ, ನನ್ನ ಕೈ ತಲೆಯ ಹತ್ತಿರ ಬಂದದ್ದೇ ಕುತ್ತಿಗೆ ಎಳೆದುಕೊಂಡು ಅತ್ತಿತು. ನಾಲ್ಕು ತಿಂಗಳ ಮಗುವಿಗೆ ಏನು ನೆನಪಿರುತ್ತದೆ ಎನ್ನುತ್ತಾರಲ್ಲ, ಸುಳ್ಳು.

ಜೂನ್ 21, ಶುಕ್ರವಾರ

ಡಾಕ್ಟರು ಅಂದರೆ ಡಾಕ್ಟರ ಹಾಗಿರಬೇಕು ಎಂಬುದಿಲ್ಲವೇ? ಬಾಯಿಗೆ ಬಂದ ಹಾಗೆ ಮಾತಾಡುವುದೇ?

ಮೂವರೂ ಹೋಗಿದ್ದೆವು, ಹುಡುಗಿ, ಮಗು, ನಾನು. ಬೆಂಚಿನ ಮೇಲೆ ಹದಿನೈದು ಜನ, ಡಾಕ್ಟರ ಕೋಣೆಗೆ ಪರದೆ ಮಾತ್ರ, ಬಾಗಿಲಿಲ್ಲ. ಡಾಕ್ಟರಮ್ಮ ಟೋಪಿ ತೆಗೆದು ನೋಡಿದವಳೇ ಪೆನ್ನು ಕೆಳಗಿಟ್ಟಳು. "ಯಾರು ಕೆರೆದದ್ದು ಇದನ್ನ?" ಎಂದಳು. ಆ ದನಿ ಬೀದಿಯವರೆಗೆ ಹೋಯಿತು. ನರ್ಸಮ್ಮ ಔಷಧಿ ತಟ್ಟೆ ಹಿಡಿದುಕೊಂಡು ನನ್ನ ಕಡೆಗೇ ನೋಡುತ್ತಿದ್ದಳು.

ನಾನು ಬಾಯಿ ತೆರೆದೆ. ತೆರೆದೇ ಇದ್ದೆ. ಅಷ್ಟರಲ್ಲಿ ಹುಡುಗಿ, "ನಾನೇ ಮೇಡಂ" ಎಂದಳು.

ಆಮೇಲೆ ಬಿತ್ತು ನೋಡಿ ಮಂಗಳಾರತಿ. ತಾಯಿಯಾಗಿ ನಾಚಿಕೆಯಿಲ್ಲವೇ, ಉಗುರು ನೋಡಿಕೊಂಡಿದ್ದೀಯಾ, ಇನ್ನೆರಡು ದಿನ ಬಿಟ್ಟಿದ್ದರೆ ಮಗುವಿಗೆ ಜ್ವರ ನೆತ್ತಿಗೇರುತ್ತಿತ್ತು ಗೊತ್ತಾ. ಹುಡುಗಿ ತಲೆ ತಗ್ಗಿಸಿ ಹೂಂ ಹೂಂ ಎಂದಳು. ಮುಲಾಮು ಕೊಟ್ಟರು, ಬಾಟಲಿ ಔಷಧಿ ಕೊಟ್ಟರು. ಹುಟ್ಟಿದಂದಿನಿಂದ ಸೂಜಿ, ತೂಕ ಎಲ್ಲ ಬರೆಯುವ ಮಗುವಿನ ಕಾರ್ಡಿನಲ್ಲಿ ಡಾಕ್ಟರಮ್ಮ ದಪ್ಪಕ್ಷರದಲ್ಲಿ ಬರೆದಳು: "ತಾಯಿ ಉಗುರಿನಿಂದ ಕೆರೆದು ಸೋಂಕು. ತಾಯಿಗೆ ತಿಳಿವಳಿಕೆ ಅಗತ್ಯ." ಬೇಬಿ ಸಿಟ್ಟಿಂಗಿನ ಚೀಟಿ ಕೇಳಿದ್ದಕ್ಕೆ, ಗಾಯ ಮಾಯಲಿ, ಜುಲೈ ಐದಕ್ಕೆ ಬಾ ಎಂದಳು. ಜುಲೈ ಐದಕ್ಕೆ ಚೀಟಿ ತೆಗೆದುಕೊಂಡು ಏನು ಮಾಡುವುದು? ಅಷ್ಟರಲ್ಲಿ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ.

ನಮ್ಮ ಹುಡುಗಿಗೆ ತಿಳಿವಳಿಕೆ ಇಲ್ಲವಂತೆ! ಅಷ್ಟು ಓದಿದವರಿಗೆ ಒಂದು ಮುಖ ನೋಡಿ ಸುಳ್ಳು ಹಿಡಿಯಲು ಬರುವುದಿಲ್ಲವೇ? ವಿಚಾರಣೆ ಬೇಡವೇ? ಒಂದು ಮಾತಿಗೆ ಬರೆದೇಬಿಡುವುದೇ, ಅಳಿಸಲಾಗದ ಶಾಯಿಯಲ್ಲಿ?

ದಾರಿಯಲ್ಲಿ ಕೇಳಿದೆ, "ಯಾಕೆ ಹಾಗಂದೆ?"

"ಅಲ್ಲಿ ಅಷ್ಟು ಜನ ಕೂತಿದ್ರಲ್ಲ ಮಾವ. ನಿಮಗೆ ನಾಲ್ಕು ಜನರ ಮುಂದೆ ಬೈಸ್ಕೊಂಡು ಅಭ್ಯಾಸ ಇಲ್ಲ. ನನಗಿದೆ."

ಎಲ್ಲಿ ಅಭ್ಯಾಸವಾಯಿತು ಎಂದು ನಾನು ಕೇಳಲಿಲ್ಲ.

ಜೂನ್ 24, ಸೋಮವಾರ

ಕೀವು ನಿಂತಿದೆ. ಮಗು ಹಾಲು ಕುಡಿಯಿತು, ಎರಡೂ ಹೊತ್ತು.

ಉಳಿರಾಯನ ಹೆಂಡತಿಯ ತಂಗಿ ಶುಕ್ರವಾರ ಆ ಬೆಂಚಿನ ಮೇಲಿದ್ದಳಂತೆ. ಅವನು ಮಂಚದ ಕಾಲು ಕೆತ್ತುತ್ತಾ ಹೇಳಿದ: "ನಿಮ್ಮ ಅಕ್ಕನ ಮಗಳೇ ಕೆರೆದುಬಿಟ್ಟಳಂತೆ? ಈಗಿನ ಹುಡುಗಿಯರಿಗೆ ಮಗು ಹೆರೋಕೆ ಬರುತ್ತೆ, ನೋಡ್ಕೊಳ್ಳೋಕೆ ಬರಲ್ಲ ಬಿಡು ಗುರುವೇ."

ನನ್ನ ಕೈಯಲ್ಲಿದ್ದ ಪಾಲಿಶ್ ಹಚ್ಚುವ ಬಟ್ಟೆಯುಂಡೆ ಅವನ ಮುಖಕ್ಕೆ ಎಸೆಯಬೇಕು ಎನ್ನಿಸಿತು. "ಅವಳ ಬಗ್ಗೆ ಮಾತಾಡಿದ್ರೆ ನೋಡು!" ಎಂದೆ. ಅವನು ಕೆತ್ತುವುದನ್ನು ನಿಲ್ಲಿಸಿದ. "ನಾನೇನಂದೆ? ಡಾಕ್ಟರೇ ಬರೆದಿದಾರಂತಲ್ಲ."

ಬರೆದಿದ್ದಾರೆ. ಹೌದು. ಅವನಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಗಂಟಲವರೆಗೆ ಬಂತು. ಪಾಲಿಶ್‌ನ ಸ್ಪಿರಿಟ್ ವಾಸನೆಗೆ ಕೆಮ್ಮು ಬಂದು ಒಳಗೇ ಹೋಯಿತು. ಮೂವತ್ತೊಂದು ವರ್ಷದಲ್ಲಿ ಸ್ಪಿರಿಟ್‌ಗೆ ನನಗೆ ಕೆಮ್ಮು ಬಂದದ್ದಿಲ್ಲ.

ಸಂಜೆ ಮೇಜಿನ ಹಲಗೆಯೊಂದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ. ಗೆರೆ ನಿಂತರೆ ನಿಲ್ಲಲಿ.

ಜೂನ್ 26, ಬುಧವಾರ

ಗಾಯ ಒಣಗುತ್ತಿದೆಯಲ್ಲ, ಕೇಳಿ ನೋಡೋಣ ಎಂದು ಹುಡುಗಿ ಇವತ್ತು ಬೇಬಿ ಸಿಟ್ಟಿಂಗಿಗೆ ಹೋದಳು. ಸೇರಿಸಲು ಕಾರ್ಡು ತೋರಿಸಲೇಬೇಕಂತೆ. ಫಿನಾಯಿಲ್ ಮೇಡಂ ಅದನ್ನು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದಳಂತೆ. ಬೇರೆ ತಾಯಂದಿರು ಮಕ್ಕಳನ್ನು ಎದೆಗೆ ಎಳೆದುಕೊಂಡು ನೋಡಿದರಂತೆ. "ಅಂಟಲ್ಲ ಅಂತಾನೇ ಇಟ್ಕೊಳ್ಳೋಣಮ್ಮ. ಆದ್ರೆ ಸ್ವಂತ ಮಗೂಗೆ ಹೀಗೆ ಮಾಡಿರೋರನ್ನ ನಾನು ಹೇಗೆ ನಂಬಲಿ? ನಾಳೆ ಗಾಯ ಆದ್ರೆ ನಮ್ಮಲ್ಲೇ ಆಯ್ತು ಅಂತೀರಿ."

ಹುಡುಗಿ ಬಂದವಳು ಅಳಲಿಲ್ಲ. ಅಂಗಡಿಯಲ್ಲಿ ಹಾಕಿಕೊಳ್ಳುವ ನೀಲಿ ಕೋಟನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದಳು, ಅದನ್ನು ತೆಗೆದು ಮಡಿಸಿದಳು. "ನಾಳಿದ್ದು ಕೊಟ್ಟು ಬರ್ತೀನಿ ಅಮ್ಮ. ಬೇರೆಯವಳಿಗೆ ಆಗುತ್ತೆ." ಅಕ್ಕ ಏನೋ ಸಮಾಧಾನ ಹೇಳಿದಳು. ನನ್ನನ್ನು ಯಾರೂ ಬೈಯಲಿಲ್ಲ. ಬೈಯಬೇಕಿತ್ತು. ಇದೆಂಥ ಮನೆ, ತಪ್ಪು ಮಾಡಿದವನನ್ನು ಬೈಯುವುದಕ್ಕೂ ಯಾರೂ ಇಲ್ಲದ ಮನೆ! ಊಟಕ್ಕೆ ಕರೆದರು, ನನ್ನ ತಟ್ಟೆಗೆ ಮೊದಲು ಬಡಿಸಿದರು.

ನಾಳೆ ಆ ಹೆಂಗಸಿನ ಹತ್ತಿರ ನಾನೇ ಹೋಗುತ್ತೇನೆ. ಕಾರ್ಡನ್ನು ಬೀದಿಗೆ ಕೇಳುವ ಹಾಗೆ ಓದುವುದೇ? ನಾನೂ ಬೀದಿಗೆ ಕೇಳುವ ಹಾಗೆ ಮಾತಾಡಬಲ್ಲೆ.

ಜೂನ್ 27, ಗುರುವಾರ

ಹೋದೆ. ಬೇಕೆಂದೇ ಸಂಜೆ ಐದಕ್ಕೆ ಹೋದೆ, ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಹೊತ್ತು. ಬಾಗಿಲಲ್ಲಿ ಬೊಂಬೆಯವೇ ಅನ್ನಿಸುವಷ್ಟು ಸಣ್ಣ ಚಪ್ಪಲಿಗಳ ಸಾಲು. ಒಳಗೆ ಚಾಪೆ, ಚಾಪೆಯ ಮೇಲೆ ಹನ್ನೊಂದು ಮಕ್ಕಳು, ಫಿನಾಯಿಲ್. ಏನೇನು ಬೈಯಬೇಕು ಎಂದು ದಾರಿಯುದ್ದಕ್ಕೂ ಒಂದೊಂದೇ ಮಾತನ್ನು ಉಜ್ಜಿ ಹೊಳಪು ಮಾಡಿಕೊಂಡಿದ್ದೆ.

"ನೀವ್ಯಾರು?" ಎಂದಳು.

"ನಿನ್ನೆ ಕಾರ್ಡು ಓದಿದ್ರಲ್ಲ, ಆ ಮಗುವಿನ ಅಜ್ಜಿಯ ತಮ್ಮ" ಎಂದೆ. ದನಿ ಜೋರಾಗಿಯೇ ಇತ್ತು. ಎಲ್ಲರೂ ತಿರುಗಿದರು. ಎಂಟು ಹತ್ತು ಜನ ಹೆಂಗಸರು, ಒಬ್ಬ ಅಪ್ಪ. ಒಂದು ಮಗು ಕೂಡ ಅಳು ನಿಲ್ಲಿಸಿ ನನ್ನನ್ನು ನೋಡಿತು. ಹೊಳಪು ಮಾಡಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬರಲಿಲ್ಲ. ಬೇರೆಯೇ ಬಂತು.

"ಕೆರೆದದ್ದು ನಾನು. ಅವಳಲ್ಲ."

"ಕಾರ್ಡಲ್ಲಿ ತಾಯಿ ಅಂತಿದೆ."

"ಕಾರ್ಡು ಸುಳ್ಳು. ಅವಳು ಮನೆಯಲ್ಲೇ ಇರಲಿಲ್ಲ. ನರ್ಸಮ್ಮ ಬೇಡ ಅಂದಿದ್ರು. ಅವಳೂ ಬೇಡ ಅಂದಿದ್ಲು. ಮಗು ಅಳ್ತಾ ಇತ್ತು, ಆದ್ರೂ ನಾನು ನಿಲ್ಲಿಸಲಿಲ್ಲ."

ಯಾರೋ "ಅಯ್ಯೋ" ಎಂದರು. ಒಬ್ಬಾಕೆ, "ಆ ಕೈ ನೋಡ್ರೀ" ಎಂದಳು. ಕೈ ಎಲ್ಲಿಡುವುದೋ ತಿಳಿಯಲಿಲ್ಲ. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾಯಿ ಮಾತಲ್ಲಿ ಆಗಲ್ಲ. ಆರೋಗ್ಯ ಕೇಂದ್ರದಿಂದ ಬರೆಸ್ಕೊಂಡ್ ಬನ್ನಿ" ಎಂದಳು. ಹೊರಗೆ ಬಂದಾಗ ಬೆನ್ನ ಹಿಂದೆ ಗುಸುಗುಸು. ಬೈಸಿಕೊಳ್ಳುವುದು ಹೇಗಿರುತ್ತದೆ ಎಂದರೆ, ಕಿವಿ ಬಿಸಿಯಾಗುತ್ತದೆ, ಕಾಲು ತಣ್ಣಗಾಗುತ್ತದೆ. ಸಾಯುವುದಿಲ್ಲ.

ಜೂನ್ 28, ಶುಕ್ರವಾರ

ಅರ್ಧ ದಿನ ರಜೆ ಹಾಕಿದೆ. ಕಾರ್ಡನ್ನು ಹುಡುಗಿಯ ಚೀಲದಿಂದ ಹೇಳದೆ ತೆಗೆದುಕೊಂಡು ಹೋದೆ. ಕೋಟು ಕೊಡಲು ಹೊರಟವಳಿಗೆ, "ಸಂಜೆವರೆಗೆ ತಡಿ" ಎಂದು ಮಾತ್ರ ಹೇಳಿದ್ದೆ.

ನರ್ಸಮ್ಮ ನನ್ನ ಮಾತು ಪೂರ್ತಿ ಕೇಳಿದಳು. ಆಶ್ಚರ್ಯ ಪಡಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. "ನಂಗೆ ಅವತ್ತೇ ಗೊತ್ತಿತ್ತು ಯಜಮಾನ್ರೇ. ತಾಯಂದಿರ ಉಗುರಿನ ಗುರುತು ಅಷ್ಟು ಅಗಲ ಇರಲ್ಲ" ಎಂದಳು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನಿಮಗೂ ಗೊತ್ತಿತ್ತಲ್ಲ."

ಇಂಥ ಬಾಯಿ! ಕಾರ್ಡನ್ನು ಅವಳ ಮುಂದಿಟ್ಟೆ.

ಬೇರೆ ಚೀಟಿ ಕೊಡುವ, ಡಾಕ್ಟರು ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ಅವಳಿಗಿಲ್ಲ, ಕಾರ್ಡಿನಲ್ಲಿ ಕೆಳಗೆ ಬರೆಯುವ ಅಧಿಕಾರ ಇದೆ. ಮಗುವಿನ ಗಾಯ ಒಣಗಿದೆ, ಹಕ್ಕಳೆ ಅಂಟುವಂಥದಲ್ಲ ಎಂದು ತಾನೇ ಬರೆದಳು. ನಿನ್ನೆ ಹುಡುಗಿ ಮಗುವನ್ನು ತೋರಿಸಿಕೊಂಡು ಹೋಗಿದ್ದಳಂತೆ, ನನಗೆ ಗೊತ್ತಿರಲಿಲ್ಲ. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟಳು. "ಉಳಿದದ್ದು ನೀವು ಬರೀರಿ. ನಾನು ಸಾಕ್ಷಿ ಹಾಕ್ತೀನಿ."

ಮೊದಲು ಹಾಳೆಯ ಮೇಲೆ ಬರೆದು ತೋರಿಸಿದೆ: "ಅಚಾತುರ್ಯದಿಂದ ಗಾಯ ಉಂಟಾಗಿರುತ್ತದೆ."

"ಅಚಾತುರ್ಯ ಅಂದ್ರೆ ಯಾರು? ನಿಮ್ಮನೇಲಿ ಇರೋರಾ?"

ಮತ್ತೆ ಬರೆದೆ: "ಮನೆಯ ಹಿರಿಯರೊಬ್ಬರು ಮಗುವಿನ ಒಳ್ಳೆಯದಕ್ಕಾಗಿ..."

"ಒಳ್ಳೆಯದು ಬೇಡ. ನಡೆದದ್ದು ಸಾಕು."

ಮೂರನೇ ಸಲ ಕಾರ್ಡಿನ ಮೇಲೆಯೇ ಬರೆದೆ. "ಮಗುವಿನ ತಲೆ ಕೆರೆದು ಗಾಯ ಮಾಡಿದ್ದು ತಾಯಿ ಅಲ್ಲ. ತಾಯಿಯ ಸೋದರಮಾವನಾದ ನಾನು. ತಾಯಿ ಬೇಡ ಎಂದಿದ್ದಳು." ಸಹಿ ಹಾಕಿದೆ. ಆ ಕಾರ್ಡು ಮಗು ಶಾಲೆಗೆ ಸೇರುವವರೆಗೂ ಇರುತ್ತದಂತೆ, ಪ್ರತಿ ಸೂಜಿಗೂ ತೆಗೆಯುತ್ತಾರಂತೆ. ತೆಗೆಯಲಿ. ದೊಡ್ಡದಾದ ಮೇಲೆ ಅದೇ ಓದಿಕೊಳ್ಳಲಿ.

ಅಲ್ಲಿಂದ ನೇರ ಫಿನಾಯಿಲ್ ಮೇಡಂ ಹತ್ತಿರ. ಆಕೆ ಓದಿದಳು, ಈ ಸಲ ಮನಸ್ಸಿನಲ್ಲೇ. "ಸೋಮವಾರ ಒಂಬತ್ತಕ್ಕೆ ಆ ಹುಡುಗಿ ಮಗೂನ ಕರ್ಕೊಂಡ್ ಬರಲಿ" ಎಂದಳು. "ಒಂದು ಷರತ್ತು. ಮಗೂನ ಕರ್ಕೊಂಡ್ ಹೋಗೋಕೆ ನೀವು ಮಾತ್ರ ಬರಕೂಡದು."

ನನ್ನ ಅಕ್ಕನ ಮೊಮ್ಮಗಳನ್ನು ಕರೆದುಕೊಂಡು ಬರಲು ನಾನು ಬರಕೂಡದು! ನಾನು! ಎಷ್ಟು ಸೊಕ್ಕು! ಉತ್ತರ ಕೊಡಬೇಕು ಎಂದುಕೊಂಡೆ. "ಆಗಲಿ" ಎಂದೆ.

ಮನೆಗೆ ಬಂದು ಕಾರ್ಡನ್ನು ಅವಳ ಕೈಗಿತ್ತೆ. ಅವಳು ಅದನ್ನು ತುಂಬ ಹೊತ್ತು ಓದಿದಳು. ಇರುವುದು ಮೂರೇ ಸಾಲು. ಆಮೇಲೆ ಎದ್ದು ಹೋಗಿ ಮಡಿಸಿದ ಕೋಟು ಬಿಡಿಸಿ ಮತ್ತೆ ಇಸ್ತ್ರಿ ಮಾಡಿದಳು.

ಜುಲೈ 1, ಸೋಮವಾರ

ಹೋದಳು. ಕುರ್ಚಿ ಅವಳದ್ದೇ.

ಜುಲೈ 7, ಭಾನುವಾರ

ಈ ಹಕ್ಕಳೆಗೆ ನಾಚಿಕೆಯೇ ಇಲ್ಲ. ಇಷ್ಟೆಲ್ಲ ಆದಮೇಲೂ ಎಡಗಡೆ ಕಿವಿಯ ಮೇಲೆ ಮತ್ತೆ ಕಟ್ಟಿದೆ, ನಾಲ್ಕು ಬೆರಳಷ್ಟು. ನರ್ಸಮ್ಮ ಅದೂ ತಾನಾಗಿ ಹೋಗುತ್ತದೆ ಎಂದಳಂತೆ. ಹೋಗಲಿ, ಅದರ ಪುರುಸೊತ್ತಿದ್ದಾಗ ಹೋಗಲಿ.

ಹುಡುಗಿ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದು ಕಿಟಕಿಯ ಹತ್ತಿರ ಕೂತಳು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಅಕ್ಕ ಹೊರಗಿದ್ದಳು. "ಮಾವ, ಒಂದ್ನಿಮಿಷ" ಎಂದು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ ಒಳಗೆ ಓಡಿದಳು. ಬ್ರಷ್ಷು, ಬಟ್ಟಲು ಎರಡೂ ನನ್ನ ಪಕ್ಕದಲ್ಲೇ ಇದ್ದವು. ಮಗು ನನ್ನ ಹೆಬ್ಬೆರಳನ್ನು ಹಿಡಿದುಕೊಂಡು ಬಾಯಿಗೆ ಎಳೆಯಿತು. ಹತ್ತು ದಿನದಿಂದ ಉಗುರು ಬುಡದವರೆಗೆ ಕತ್ತರಿಸಿದ್ದೇನೆ, ಪಾಲಿಶ್ ಬಣ್ಣ ಹೋಗುವವರೆಗೆ ತಿಕ್ಕಿದ್ದೇನೆ. ಆದರೂ ಬಿಡಿಸಿಕೊಂಡೆ.

ಅವಳು ಹಾಲು ಇಳಿಸಿ ಬಂದಾಗ ನಾವಿಬ್ಬರೂ ಹಾಗೇ ಇದ್ದೆವು. "ಹಚ್ಚೋದಲ್ವಾ ಮಾವ, ಬಟ್ಟಲು ಪಕ್ಕದಲ್ಲೇ ಇತ್ತಲ್ಲ" ಎಂದಳು.

"ನಂಗೆ ಗೊತ್ತಾಗಲ್ಲ. ಎಷ್ಟು ಹಚ್ಚಬೇಕು, ಎಷ್ಟು ಹಗುರ ಆಡಿಸ್ಬೇಕು, ನೀನೇ ತೋರಿಸು" ಎಂದೆ.

ಅವಳು ಅಲ್ಲೇ ನಿಂತು ನನ್ನ ಮುಖವನ್ನೇ ನೋಡಿದಳು. ಏನು ನೋಡುವುದಿತ್ತೋ! ಅಷ್ಟು ಹೊತ್ತು ನಿಂತರೆ ಎಣ್ಣೆ ಆರುವುದಿಲ್ಲವೇ?